ಪಾಠ 14: "ಆತು" ಮತ್ತು "ಮಾಡಿದೆ"



ಹಿಂದಿನ ಪಾಠದಲ್ಲಿ ಕ್ರಿಯಾಪದ ಕಲಿತೆವು. ಇವತ್ತು ಎರಡನ್ನೇ ನೋಡೋಣ: "ಆಯಿತು" ಮತ್ತು "ಮಾಡಿದೆ". ನಮ್ಮ ಜತ್ತ, ಅಕ್ಕಲಕೋಟ ಕಡೆ "ಆತು" ಅಂತೀವಿ. ಬರೆಯುವಾಗ "ಆಯಿತು" ಎಂದು ಬರೆಯಿರಿ.

"ಲುಕ್ಸಾನ ಆತು." "ಸಾಲ ಆತು." "ತಪ್ಪಾತು." ದಿನಾ ಕೇಳುವ ಮಾತು. ಇದರಲ್ಲಿ ಮಾಡಿದವರು ಯಾರು ಅಂತ ಎಲ್ಲಾದರೂ ಇದೆಯೇ? ಸಾಲ ತಾನೇ ನಡಕೊಂಡು ಮನೆಗೆ ಬಂದಂಗ ಇದೆ.

ದಾಳಿಂಬೆ ತೋಟದ ಮಾತು ತಗೊಳ್ಳಿ. ಸೊಲ್ಲಾಪುರದ ದಾಳಿಂಬೆಗೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದೇ ದಾಳಿಂಬೆಗೆ ತೇಲ್ಯಾ ರೋಗದ ಕಾಟವೂ ಇದೆ. ಎಲೆ ಮೇಲೆ, ಕಾಯಿ ಮೇಲೆ ಎಣ್ಣೆ ಹನಿ ಬಿದ್ದಂಥ ಚುಕ್ಕೆ. ಆಮೇಲೆ ಕಾಯಿ ಸೀಳುತ್ತದೆ. ಆಗ ನಾವು ಏನಂತೀವಿ? "ಯಾರದೋ ಕಣ್ಣು ಬಿತ್ತು", "ಅಂಗಡಿಯವ ಖೊಟ್ಟಿ ಔಷಧಿ ಕೊಟ್ಟ", "ಹಣೇಬರಹ".

ತೇಲ್ಯಾ ಕಣ್ಣಿಗೆ ಕಾಣದ ದುಂಡಾಣುವಿನಿಂದ ಬರುವ ರೋಗ. ರೋಗದ ತೋಟದಿಂದ ತಂದ ಸಸಿಯಲ್ಲಿ ಅದು ಬರುತ್ತದೆ. ಛಾಟಣಿ ಮಾಡುವ ಕತ್ತರಿಯಲ್ಲಿ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಮಳೆ ಹನಿ ಸಿಡಿದಾಗ ಹರಡುತ್ತದೆ. ಅದಕ್ಕೇ ಮೃಗ ಬಹಾರದ ಕಾಯಿಗೆ ಕಾಟ ಹೆಚ್ಚು, ಮಳೆ ಮುಗಿಯುವಾಗ ಹಿಡಿಯುವ ಹಸ್ತ ಬಹಾರಕ್ಕೆ ಕಡಿಮೆ. ಒಮ್ಮೆ ತೋಟ ಹೊಕ್ಕಿತೆಂದರೆ ಪೂರ್ತಿ ಓಡಿಸುವುದು ಬಹಳ ಕಷ್ಟ.

ಈಗ ಒಂದು ವಹಿಯ ಮಾದರಿ ಓದಿರಿ:

ಮೇ 20. ಛಾಟಣಿ ಮಾಡಿದೆ. ಕತ್ತರಿ ಪಕ್ಕದ ತೋಟದಿಂದ ತಂದೆ. ತೊಳೆಯಲಿಲ್ಲ.
ಮೇ 22. ಕತ್ತರಿಸಿದ ಟೊಂಗೆ ಬದುವಿನ ಮೇಲೆ ಬಿಟ್ಟೆ. ಸುಡಲಿಲ್ಲ.
ಜುಲೈ 14. ಮೂರು ದಿನ ಮಳೆ ಆಯಿತು. ಮೂಡಲ ಸಾಲಿನ ಎಲೆ ಮೇಲೆ ಎಣ್ಣೆ ಚುಕ್ಕೆ.

ನೋಡಿದಿರಾ? ಮಳೆ "ಆಯಿತು", ಅದು ಯಾರ ಕೈಯಲ್ಲೂ ಇಲ್ಲ. ಆಣೆಕಲ್ಲು ಬಿದ್ದರೆ, ಮಾರ್ಕೆಟಿನಲ್ಲಿ ದರ ಇಳಿದರೆ ಅದನ್ನೂ "ಆಯಿತು" ಅಂತಲೇ ಬರೆಯಿರಿ. ಎಲ್ಲಾ ತಪ್ಪನ್ನೂ ತಲೆ ಮೇಲೆ ಹೊತ್ತುಕೊಂಡು ಕೊರಗುವುದು ಬೇಡ. ಆದರೆ "ತಂದೆ", "ತೊಳೆಯಲಿಲ್ಲ", "ಬಿಟ್ಟೆ" ಇವು ನಮ್ಮ ಕೈಯಲ್ಲಿ ಇದ್ದವು. ಮುಂದಿನ ಸಲ ಬದಲು ಮಾಡಲು ಬರುವುದೂ ಇವನ್ನೇ. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವ ಮುಂಚೆ ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ ಬೆರೆಸಿದ ನೀರಿನಲ್ಲಿ ಅದ್ದಬೇಕು. ಎಷ್ಟು ಬೆರೆಸಬೇಕು ಎಂದು ಕೃಷಿ ಖಾತೆಯವರನ್ನು ಕೇಳಿ, ಅಂಕಿಯಲ್ಲೇ ಬರೆದುಕೊಳ್ಳಿ. ಸೊಲ್ಲಾಪುರದಲ್ಲಿ 2005ರಿಂದ ದಾಳಿಂಬೆಗಾಗಿಯೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ, ಅಲ್ಲಿಯೂ ಕೇಳಬಹುದು. ಅವರು ಕೊಡುವ ಹಾಳೆ ಮರಾಠಿಯಲ್ಲಿದ್ದರೆ ಮಕ್ಕಳ ಕಡೆಯಿಂದ ಓದಿಸಿರಿ. ನಿಮ್ಮ ವಹಿ ಮಾತ್ರ ಕನ್ನಡದಲ್ಲೇ ಇರಲಿ, ನಿಮಗೆ ಓದಲು ಬರಬೇಕಲ್ಲ.

ವಹಿ ಯಾಕೆ, ನೆನಪಿರುತ್ತದಲ್ಲ ಅಂತೀರಿ. ಮೇ ತಿಂಗಳ ಕತ್ತರಿ ಜುಲೈಗೆ ನೆನಪಿರುವುದಿಲ್ಲ. ನೆನಪು ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ.

"ಮಾಡಿದ್ದುಣ್ಣೋ ಮಹಾರಾಯ" ಎಂಬ ಗಾದೆ ನಮ್ಮಲ್ಲಿದೆ. ಆದರೆ ಅದನ್ನು ಯಾವಾಗಲೂ ಇನ್ನೊಬ್ಬರಿಗೇ ಹೇಳ್ತೀವಿ! ಮನೆಯಲ್ಲಿ ತಪ್ಪು ಹುಡುಕುವಾಗ ಬೆರಳು ಮೊದಲು ಹೋಗುವುದು ಸೊಸೆಯ ಕಡೆಗೆ. ಅದಕ್ಕೇ ಒಂದು ನಿಯಮ: ವಹಿಯಲ್ಲಿ ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ತಾವೇ ಬರೆಯಬೇಕು. ಇನ್ನೊಬ್ಬರ ತಪ್ಪನ್ನು ಬರೆಯಬಾರದು. ಅತ್ತೆಗೆ ಬರೆಯಲು ಬರದಿದ್ದರೆ ಅವರು ಹೇಳಲಿ, ಸೊಸೆ ಬರೆಯಲಿ.

ಅಭ್ಯಾಸ

1. ಇವನ್ನು "ನಾನು" ಎಂದು ಸೇರಿಸಿ ತಿರುಗಿ ಬರೆಯಿರಿ: ಸಾಲ ಆಯಿತು. ಬೀಜ ಕೆಟ್ಟಿತು. ರಸೀದಿ ಕಳೆಯಿತು.

2. ಇವುಗಳಲ್ಲಿ ಯಾವುದಕ್ಕೆ "ನಾನು" ಸೇರಿಸುವುದು ಸರಿಯಲ್ಲ? ಯಾಕೆ? ಆಣೆಕಲ್ಲು ಬಿತ್ತು. ಸಹಿ ಹಾಕುವ ಮುಂಚೆ ಕಾಗದ ಓದಲಿಲ್ಲ. ದರ ಇಳಿಯಿತು.

3. ಹೋದ ವರ್ಷ ನಿಮ್ಮ ಹೊಲದಲ್ಲಿ ಅಥವಾ ಮನೆಯಲ್ಲಿ ನಡೆದ ಒಂದು ನಷ್ಟದ ಬಗ್ಗೆ ನಾಲ್ಕು ಸಾಲು ಬರೆಯಿರಿ. ತಾರೀಖು ಹಾಕಿರಿ. ಕೇಂದ್ರದಲ್ಲಿ ಎಲ್ಲರ ಮುಂದೆ ಓದಬೇಕೆಂದು ಇಲ್ಲ. ಮಡಚಿ ನಿಮ್ಮ ಹತ್ತಿರವೇ ಇಟ್ಟುಕೊಂಡು ಬಿತ್ತನೆಗೆ ಮುಂಚೆ ಒಮ್ಮೆ ತೆಗೆದು ನೋಡಿರಿ.