ಹಾಲಿ ನೋಟಿನೊಳಗಿಲ್ಲದ ಬೆಳ್ಳಿ

ತೊಗರಿ ಮಾರಿ ಬಂದ ದುಡ್ಡಿನಲ್ಲಿ ಹದಿನೆಂಟು ಸಾವಿರ ಕೊಟ್ಟು, ಆಳಂದದಲ್ಲಿರುವ ನಮ್ಮ ಕಾಕಾನ ಮಗ ನಿಜಾಮರ ಕಾಲದ ಹತ್ತು ರೂಪಾಯಿ ನೋಟು ಕೊಂಡಿದ್ದಾನೆ. ಮಾರಿದವನು ಹೇಳಿದ್ದು: "ಇದಕ್ಕ ಬೆಳ್ಳಿ ಆಧಾರ ಅದ್ರಿ. ಬೆಳ್ಳಿ ಏರಿದ್ಹಂಗ ನೋಟೂ ಏರ್ತದ." ಇದು ಶುದ್ಧ ಸುಳ್ಳು. ನಾನೂ ಹಾಲಿ, ಅಂದರೆ ನಿಜಾಮರ ರೂಪಾಯಿಯ, ನೋಟು ಕೂಡಿಸುವವನೇ ಆದ್ದರಿಂದ ಸುಮ್ಮನಿರಲಾರೆ.

ಹೈದರಾಬಾದ್ ಸಂಸ್ಥಾನದ 1918ರ ಕಾಯ್ದೆಯಡಿ ಹೊರಟ ಆ ನೋಟನ್ನು ಆಗ ಖಜಾನೆಗೆ ಒಯ್ದರೆ ಹಾಲಿ ಸಿಕ್ಕಾ, ಅಂದರೆ ಬೆಳ್ಳಿ ನಾಣ್ಯ, ಎಣಿಸಿ ಕೊಡುತ್ತಿದ್ದರು. ಏಳು ಹಾಲಿಗೆ ಆರು ಕಲ್ದಾರ್, ಅಂದರೆ ಬ್ರಿಟಿಷ್ ರೂಪಾಯಿ. 1948ರಲ್ಲಿ ಸಂಸ್ಥಾನ ಹೋಯಿತು, ಮುಂದಿನ ದಶಕದಲ್ಲಿ ಹಾಲಿ ಚಲಾವಣೆಯೂ ನಿಂತಿತು. ಬೆಳ್ಳಿ ಕೊಡಬೇಕಾದ ಖಜಾನೆಯೇ ಈಗಿಲ್ಲ.

ಲೆಕ್ಕ ಹಾಕೋಣ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಹಾಲಿ ರೂಪಾಯಿಯ ತೂಕ 11.18 ಗ್ರಾಂ, ಅದರಲ್ಲಿ ಬೆಳ್ಳಿ ಶೇ 81.8, ಅಂದರೆ 9.14 ಗ್ರಾಂ. ಹತ್ತು ನಾಣ್ಯಕ್ಕೆ 91.4 ಗ್ರಾಂ. ಗ್ರಾಂಗೆ ನೂರು ರೂಪಾಯಿ ಹಿಡಿದರೆ 9,140, ನೂರೈವತ್ತಾದರೆ 13,710. ಇದು ನಾಣ್ಯ ಇಟ್ಟವರ ಲೆಕ್ಕ. ನೋಟು ಇಟ್ಟವನಿಗೆ ಎರಡೂ ದರದಲ್ಲಿ ಬೆಳ್ಳಿ ಸೊನ್ನೆ.

ನೋಟಿನ ಬೆಲೆ ನಿಲ್ಲುವುದು ಸಹಿಯ ಮೇಲೆ, ಕಾಗದದ ಸ್ಥಿತಿಯ ಮೇಲೆ. ನಿಜಾಮರ ಹಣಕಾಸು ಸಚಿವನಾಗಿದ್ದ ಗ್ಲ್ಯಾನ್ಸಿ ಸಹಿಯೋ, ಮುಂದೆ ಪಾಕಿಸ್ತಾನದ ಗವರ್ನರ್ ಜನರಲ್ ಆದ ಗುಲಾಮ್ ಮುಹಮ್ಮದ್ ಸಹಿಯೋ? ಟಾಚಣಿ ತೂತೆಷ್ಟು? ಮಡಿಕೆ ಹರಿದಿದೆಯೇ? ನಾನು ಇವನ್ನು ಕೂಡಿಸುವುದು ಉರ್ದು, ತೆಲುಗು, ಮರಾಠಿಯ ಜೊತೆ ನಮ್ಮ ಕನ್ನಡವೂ ಅವುಗಳ ಮೇಲೆ ಅಚ್ಚಾಗಿದೆ ಎಂಬ ಪ್ರೀತಿಗೆ. ಪ್ರೀತಿಯ ಖರ್ಚನ್ನು ಉಳಿತಾಯದ ಖಾತೆಗೆ ಬರೆಯಬಾರದು.

ಹಳೇ ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎನ್ನುವ ಜಾಹೀರಾತುಗಳಂತೂ ಹಗಲುದರೋಡೆ. ತನ್ನ ಹೆಸರಲ್ಲಿ ಇಂಥ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಆದರೂ ಅಫಜಲಪುರ, ಜೇವರ್ಗಿ ಕಡೆಯಿಂದ ಇದನ್ನೇ ಕೇಳಿ ನನಗೆ ಫೋನ್ ಬರುವುದು ನಿಂತಿಲ್ಲ. ಅವರಿಗೆ ಹೇಳುವುದಿಷ್ಟೇ: ಬೀಜ-ಗೊಬ್ಬರದ ದುಡ್ಡು, ಮಗಳ ಫೀಸಿನ ದುಡ್ಡು ಮೊದಲು ಬೇರೆ ತೆಗೆದಿಡಿ. ಉಳಿದದ್ದರಲ್ಲಿ ಬೆಳ್ಳಿಯೇ ಬೇಕೆಂದರೆ ತೂಗಿಸಿ, ರಸೀದಿ ಪಡೆದು ಬೆಳ್ಳಿಯನ್ನೇ ಕೊಳ್ಳಿ.

ನೋಟು ಕೊಂಡ ತಮ್ಮನಿಗೆ ಹೇಳಿದ್ದೇನೆ: ಈ ವಾರವೇ ಹೋಗಿ ನೋಟು ವಾಪಸ್ ಕೊಡು. ಮಾರಿದವನು ತಗೊಳ್ಳದಿದ್ದರೆ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡ, ಇರುವ ಬೆಲೆಯೂ ಹೋಗುತ್ತದೆ. ಕಲಬುರಗಿಗೆ ತಾ, ಸಹಿ ಯಾರದೆಂದು ಕೂತು ನೋಡೋಣ.