ರೈಫಲ್ ಆಸ್ತಿ, ಜಾಕೆಟ್ ಖರ್ಚು

ಮಗಳು ಏರ್ ರೈಫಲ್ ಹಿಡಿದಾಗಿನಿಂದ ನೆಂಟರಿಷ್ಟರದು ಒಂದೇ ಪ್ರಶ್ನೆ: "ಗನ್ನಿಗೆ ಎಷ್ಟಾಯ್ತು?" ಎರಡೂವರೆ ಲಕ್ಷ ಅಂದರೆ ಹುಬ್ಬೇರಿಸುತ್ತಾರೆ. ನನಗೆ ಆ ದುಡ್ಡಿನ ಚಿಂತೆ ಅಷ್ಟಿಲ್ಲ. ವಾಲ್ಥರ್, ಫೈನ್‌ವೆರ್ಕ್‌ಬಾವ್‌ನಂಥ ಜರ್ಮನ್ ರೈಫಲ್ ಚೆನ್ನಾಗಿ ಇಟ್ಟುಕೊಂಡರೆ ನಾಲ್ಕಾರು ವರ್ಷ ಬಿಟ್ಟು ಮಾರಿದರೂ ಕೈಗೆ ಒಂದಷ್ಟು ಬರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾತ್ರ ನಳಿಗೆಗಿಂತ ಮೊದಲು ಗಾಳಿ ಸಿಲಿಂಡರ್ ಮೇಲಿನ ತಾರೀಖು ನೋಡಿ. ಸಾಮಾನ್ಯವಾಗಿ ಅದರ ಅವಧಿ 10 ವರ್ಷ. ಮುಗಿಯುತ್ತ ಬಂದಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನು ಚೌಕಾಸಿಯಲ್ಲೇ ಮುರಿದುಕೊಳ್ಳಿ.

ದುಡ್ಡು ಕರಗುವುದು ಜಾಕೆಟ್ಟಿನಲ್ಲಿ. ಬೆನ್ನು, ತೋಳು ಅಲುಗದಂತೆ ಹಿಡಿಯುವ ಆ ದಪ್ಪ ಕ್ಯಾನ್ವಾಸಿನ ಅಂಗಿಯನ್ನು ಮೈಯಳತೆ ಕೊಟ್ಟು ಹೊಲಿಸಬೇಕು. ತೀರಾ ಬಿರುಸಾಗಿದ್ದರೆ ಪಂದ್ಯದ ತಪಾಸಣೆಯಲ್ಲಿ ಪಾಸಾಗದು. ಬೆವರು ಕುಡಿದು ಮೆತ್ತಗಾದರೆ ಆಸರೆ ಕೊಡದು. ಬೆಳೆಯುವ ಮಕ್ಕಳಿಗೆ ಅಷ್ಟರೊಳಗೇ ಬಿಗಿಯಾಗಿರುತ್ತದೆ. ಮಾರೋಣವೆಂದರೆ ಇನ್ನೊಬ್ಬರ ಮೈಗೆ ಕೂರುವುದಿಲ್ಲ. ಅದಕ್ಕೇ ಜಾಕೆಟ್ಟಿಗೆಂದು ಬೇರೆ ಆರ್‌ಡಿ ಕಟ್ಟುತ್ತೇನೆ. ಪೆಲೆಟ್ ಡಬ್ಬಿಯಲ್ಲಿ 500 ಇರುತ್ತವೆ, ದಿನಕ್ಕೆ ನೂರು ಹೊಡೆದರೆ ಐದೇ ದಿನ. ಅಗ್ಗದ್ದು ತರೋಣ ಅನ್ನಿಸುತ್ತದೆ, ನಿಜ. ಆದರೆ ಗುರಿಯ ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್!

ಇನ್ನು ಆದಾಯ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದನ್ನು ಎಲ್ಲರೂ ಹೇಳುತ್ತಾರೆ. ಅವರ ಮನೆಯಲ್ಲೇ ಶೂಟಿಂಗ್ ರೇಂಜ್ ಇತ್ತು ಎನ್ನುವುದನ್ನು ಸೇರಿಸುವುದಿಲ್ಲ. ಸಂಬಳದಾರರ ಮನೆಗೆ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಲೆಕ್ಕವೇ ಸರಿ. 2015ರಲ್ಲಿ ರೈಲ್ವೆ ಸೇರಿ ಟಿಕೆಟ್ ಕಲೆಕ್ಟರ್ ಆದರು, ಪ್ಯಾರಿಸ್‌ನ ಕಂಚು ಬಂದದ್ದು 2024ರಲ್ಲಿ. ನಡುವಿನ ಒಂಬತ್ತು ವರ್ಷ ತಿಂಗಳ ಮೊದಲಿಗೆ ಸಂಬಳ ಬರುತ್ತಿತ್ತಲ್ಲ, ನನ್ನ ಕಣ್ಣು ಅದರ ಮೇಲೆ. ಗೆದ್ದರೂ ಗ್ಯಾರಂಟಿ ಇಲ್ಲದ ಆಟವಿದು. ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಒಲಿಂಪಿಕ್ ಕೋಟಾ ಗೆದ್ದರು. ಆದರೆ ಕೋಟಾ ದೇಶದ್ದು, ಶೂಟರ್‌ದಲ್ಲ. ಆಯ್ಕೆ ಟ್ರಯಲ್ಸ್ ಮುಗಿದಾಗ ಪ್ಯಾರಿಸ್ ತಂಡದಲ್ಲಿ ಅವರ ಹೆಸರಿರಲಿಲ್ಲ. ಖೇಲೋ ಇಂಡಿಯಾಕ್ಕೆ ಆಯ್ಕೆಯಾದವರಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚು ಸಿಗುತ್ತದೆ. ಪೆಲೆಟ್ಟಿನ ಬಿಲ್ಲಿಗೆ ಸಾಲುತ್ತದೆ, ಜಾಕೆಟ್ಟಿಗೆ ಸಾಲದು.

ಈಗ ಮಗಳು 50 ಮೀಟರಿಗೂ ಇಳಿಯುತ್ತೇನೆ ಅನ್ನುತ್ತಿದ್ದಾಳೆ. ಅಲ್ಲಿ ಪೆಲೆಟ್ ಅಲ್ಲ, ತೋಟಾ. ರೈಫಲ್ಲಿಗೆ ಲೈಸೆನ್ಸೂ ಬೇಕು. "ಡಿಗ್ರಿ ಮುಗಿಸಮ್ಮ, ರೈಲ್ವೆಗೆ ಸ್ಪೋರ್ಟ್ಸ್ ಕೋಟಾದಲ್ಲಿ ಅರ್ಜಿ ಹಾಕು, ಎರಡನೇ ರೈಫಲ್ ನಿನ್ನ ಸಂಬಳದಲ್ಲಿ" ಅಂದಿದ್ದೇನೆ. ಅರ್ಧ ದುಡ್ಡು ನಾನು ಹಾಕಬೇಕೆಂದು ಅವಳ ವಾದ.