ಗಣಕಯಂತ್ರದ ಉಪಕರಣಗಳು: ಯಾವುದು ಮಲಗಲಿ, ಯಾವುದು ಎದ್ದಿರಲಿ?



2022ರ ಜೂನ್ ತಿಂಗಳಲ್ಲಿ ಕೇಂದ್ರ ಸರಕಾರವು 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ನೀಡಿತು. ಬಸವಕಲ್ಯಾಣ, ಹುಮನಾಬಾದ್ ಕಡೆಯ ತೊಗರಿ ಬೆಳೆಗಾರರ ಸಂಘವಾಗಲಿ, ಮಲೆನಾಡಿನ ಅಡಿಕೆ-ಕಾಫಿ ಬೆಳೆಗಾರರ ಸಂಘವಾಗಲಿ, ಗಣಕಯಂತ್ರವಿದ್ದಲ್ಲಿ ಈ ಪಾಠ ಒಂದೇ.

ಸದಸ್ಯರು ದೂರದ ಹಳ್ಳಿಯಿಂದ ಬಂದು ಹೆಬ್ಬೆಟ್ಟು ಇಡುತ್ತಾರೆ. ಯಂತ್ರದ ದೀಪ ಹತ್ತುವುದಿಲ್ಲ. "ಮಿಷನ್ ಕೆಟ್ಟಿದೆ, ನಾಳೆ ಬನ್ನಿ" ಎಂಬ ಉತ್ತರ ಸಿಗುತ್ತದೆ. ಅವರ ಒಂದು ದಿನದ ಕೂಲಿಯೂ ಬಸ್ ಚಾರ್ಜೂ ಹೋದಂತೆಯೇ. ಎಷ್ಟೋ ಸಲ ಯಂತ್ರ ಕೆಟ್ಟಿರುವುದಿಲ್ಲ. ಸ್ವಲ್ಪ ಹೊತ್ತು ಕೆಲಸವಿಲ್ಲದಿದ್ದರೆ ವಿಂಡೋಸ್ ವ್ಯವಸ್ಥೆಯು ವಿದ್ಯುತ್ ಉಳಿಸಲು ಅದನ್ನು ಮಲಗಿಸಿರುತ್ತದೆ. ಕರೆದಾಗ ಅದು ಏಳುವುದಿಲ್ಲ.

ಈ ಉಳಿತಾಯವೆಷ್ಟು? ಸಾಮಾನ್ಯ ಯುಎಸ್‌ಬಿ 2.0 ಕಿಂಡಿಯು 5 ವೋಲ್ಟಿನಲ್ಲಿ ಹೆಚ್ಚೆಂದರೆ 500 ಮಿಲಿ ಆಂಪಿಯರ್, ಅಂದರೆ 2.5 ವ್ಯಾಟ್ ಕೊಡುತ್ತದೆ. ಹೆಬ್ಬೆಟ್ಟಿನ ಯಂತ್ರವು 8 ಗಂಟೆ ಪೂರ್ತಿ ಎದ್ದಿದ್ದರೂ 20 ವ್ಯಾಟ್-ಗಂಟೆ ಮೀರದು. 50 ದಿನಕ್ಕೆ ಒಂದು ಯೂನಿಟ್. 20 ವ್ಯಾಟಿನ ಪರದೆಯನ್ನು ಊಟದ ಒಂದು ಗಂಟೆ ಆರಿಸಿದರೆ ಅಷ್ಟೇ ಉಳಿಯುತ್ತದೆ. ಆದುದರಿಂದ ಉಳಿತಾಯವನ್ನು ಪರದೆಯಲ್ಲಿ ಮಾಡಿರಿ, ಹೆಬ್ಬೆಟ್ಟಿನ ಯಂತ್ರದಲ್ಲಿ ಬೇಡ.

ಮಾಡುವ ಕ್ರಮ:

1. 'ಡಿವೈಸ್ ಮ್ಯಾನೇಜರ್' ತೆರೆಯಿರಿ. 'ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್' ಕೆಳಗಿನ 'ಯುಎಸ್‌ಬಿ ರೂಟ್ ಹಬ್' ಮೇಲೆ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್'ಗೆ ಹೋಗಿರಿ.

2. 'ಪವರ್ ಮ್ಯಾನೇಜ್‌ಮೆಂಟ್' ಪುಟದಲ್ಲಿ, ವಿದ್ಯುತ್ ಉಳಿಸಲು ಈ ಉಪಕರಣವನ್ನು ಆರಿಸಬಹುದು ಎಂಬ ಸಾಲಿನ ಗುರುತನ್ನು ತೆಗೆಯಿರಿ. ರೂಟ್ ಹಬ್ ಹಲವಿದ್ದರೆ ಎಲ್ಲಕ್ಕೂ ಹೀಗೆಯೇ ಮಾಡಿರಿ. ಹೆಬ್ಬೆಟ್ಟಿನ ಯಂತ್ರದ ಹೆಸರಿನಲ್ಲಿಯೂ ಈ ಪುಟವಿದ್ದರೆ ಅಲ್ಲಿಯೂ ಗುರುತು ತೆಗೆಯಿರಿ.

3. 'ಪವರ್ ಆಪ್ಷನ್ಸ್'ನಲ್ಲಿ ಪರದೆ 5 ನಿಮಿಷಕ್ಕೆ ಆರುವಂತೆ ಇಡಿರಿ.

4. ಲೆಕ್ಕದ ನಕಲನ್ನು ಹೊರಡಿಸ್ಕಿಗೆ ಇಳಿಸುವಾಗ ಗಣಕಯಂತ್ರ ತಾನಾಗಿ ಮಲಗದಂತೆ ನೋಡಿಕೊಳ್ಳಿರಿ. ನಡುವೆ ಮಲಗಿದರೆ ನಕಲು ಅರ್ಧಕ್ಕೆ ನಿಲ್ಲುತ್ತದೆ.

5. ಲೇಸರ್ ಪ್ರಿಂಟರ್ ಧಾರಾಳವಾಗಿ ಮಲಗಲಿ. ಅದು ಬಿಸಿಯಾಗುವಾಗ ನೂರಾರು ವ್ಯಾಟ್ ಎಳೆಯುವುದರಿಂದ ಯುಪಿಎಸ್‌ಗೆ ಜೋಡಿಸಬಾರದು.

ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುವಾಗ ಮಾತ್ರ ಲೆಕ್ಕ ಬೇರೆ. ಕರೆಂಟ್ ಹೋದಾಗ ಬೇಡದ ಉಪಕರಣವನ್ನು ಕಿತ್ತಿಡುವುದೇ ಲೇಸು.

ಇಷ್ಟು ಮಾಡಿಯೂ ಯಂತ್ರ ಏಳದಿದ್ದರೆ ತಂತಿ ಬದಲಿಸಿ, ಬೇರೆ ಕಿಂಡಿಗೆ ಹಾಕಿ ನೋಡಿರಿ. ಆಮೇಲೆ ರಿಪೇರಿಯವರನ್ನು ಕರೆಯಿರಿ. ಸದಸ್ಯರೂ "ನಾಳೆ ಬನ್ನಿ" ಎಂದಾಗ ಸುಮ್ಮನೆ ಹಿಂದಿರುಗದೆ, ಇವಿಷ್ಟನ್ನು ನೋಡಿದ್ದೀರಾ ಎಂದು ಕೇಳುವ ಹಕ್ಕುಳ್ಳವರು. ಸಂಘ ಅವರದೇ.

— ಕಾರ್ಯದರ್ಶಿ